ಕಬ್ಬಿಣವಿಲ್ಲದ ಫ್ಲಾಸ್ಕ್

"ನಿಮ್ಮ ಕ್ಯಾಟಲಿಸ್ಟ್ ಕೆಲಸ ಮಾಡ್ತಿಲ್ಲ, ಮೇಡಂ."

ಲ್ಯಾಬಿನ ಮೀಟಿಂಗಿನಲ್ಲಿ, ಎಲ್ಲರೆದುರು, ಹೊಸದಾಗಿ ಸೇರಿದ್ದ ಸಂಶೋಧಕ ಹೀಗೆಂದಾಗ ಅವಳ ಮೈಯೆಲ್ಲ ಉರಿದುಹೋಯಿತು.

ವರ್ಷಗಟ್ಟಲೆಯ ಕೆಲಸ ಅದು. ದುಬಾರಿ ಲೋಹವಾದ ಪಲ್ಲಾಡಿಯಂ ಇಲ್ಲದೆ ನಡೆಯದೆಂದು ಎಲ್ಲರೂ ನಂಬಿದ್ದ ರಾಸಾಯನಿಕ ಕ್ರಿಯೆಯನ್ನು ಅಗ್ಗದ ಕಬ್ಬಿಣವನ್ನೇ ಕ್ಯಾಟಲಿಸ್ಟ್, ಅಂದರೆ ವೇಗವರ್ಧಕ, ಮಾಡಿಕೊಂಡು ನಡೆಸಿದ್ದಳು. ಗಾಳಿ ಸೋಕಿದರೆ ಕೆಟ್ಟುಹೋಗುವ ಆ ಕ್ಯಾಟಲಿಸ್ಟಿನ ಕಿತ್ತಳೆ ಬಣ್ಣದ ಹರಳುಗಳನ್ನು ಗಾಜಿನ ಪೆಟ್ಟಿಗೆಯೊಳಗೆ ಕೂಸಿನಂತೆ ಜೋಪಾನ ಮಾಡಿದ್ದಳು. ಜೂನಿಯರುಗಳು ಅವಳನ್ನು 'ಕಬ್ಬಿಣದಕ್ಕ' ಎಂದೇ ಕರೆಯುತ್ತಿದ್ದರು. ಪ್ರಬಂಧ ಪ್ರಕಟಣೆಗೆ ಹೊರಡುವುದೊಂದೇ ಬಾಕಿ.

"ಇದಕ್ಕೆ ಕೈ ಪಳಗಬೇಕು. ಬಂದ ವಾರದಲ್ಲೇ ಬರೋ ವಿದ್ಯೆ ಅಲ್ಲ," ಎಂದಳು.

ಅವನು ಮಾತು ಬೆಳೆಸಲಿಲ್ಲ. ಲ್ಯಾಬಿನವರು ಅವನಿಗೆ 'ಮೌನಿ' ಎಂದು ಹೆಸರಿಟ್ಟಿದ್ದು ಅದಕ್ಕೇ.

ಎಷ್ಟು ಸೊಕ್ಕು... ಮೊದಲು ನನ್ನ ಹತ್ರ ಬಂದು ಹೇಳೋಕೆ ಏನಾಗಿತ್ತು? ಎಂದುಕೊಂಡಳು ಅವಳು.

ಮನೆಯಲ್ಲಿ, ಬಟ್ಟೆ ಮಡಿಸುತ್ತಿದ್ದ ಅಕ್ಕನ ಮುಂದೆ ಎಲ್ಲ ಕಾರಿಕೊಂಡಳು.

"ಅವನ ಕನ್ನಡಕ, ಅವನು ನಿಂತ ರೀತಿ, ಅವನ ದನಿ... ಎಲ್ಲ ಹೇಳ್ದೆ ನೀನು. ಕ್ಯಾಟಲಿಸ್ಟ್ ಕಥೆ ಮಾತ್ರ ನಂಗಿನ್ನೂ ಅರ್ಥ ಆಗಿಲ್ಲ," ಎಂದಳು ಅಕ್ಕ.

"ಸುಮ್ನಿರಕ್ಕ ನೀನು."

ಮರುದಿನ ಮೌನಿಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಳು. ಅದೇ ಹರಳು, ಅದೇ ದ್ರಾವಣ. ಅವಳ ಫ್ಲಾಸ್ಕಿನಲ್ಲಿ ಕ್ರಿಯೆ ಸಲೀಸಾಗಿ ನಡೆಯಿತು. ಅವನದರಲ್ಲಿ ಏನೂ ಆಗಲಿಲ್ಲ.

'ನೋಡಿದ್ರಾ?' ಎನ್ನಲು ತಿರುಗಿದವಳ ಕಣ್ಣು ಫ್ಲಾಸ್ಕಿನ ತಳಕ್ಕೆ ಹೋಯಿತು. ಅವನ ದ್ರಾವಣವನ್ನು ಕಲಕುತ್ತಿದ್ದ ಪುಟ್ಟ ಅಯಸ್ಕಾಂತದ ಕಡ್ಡಿ ಹೊಸದು, ಹಾಲಿನಂತೆ ಬೆಳ್ಳಗಿತ್ತು. ತನ್ನದು ಹಳೆಯದು, ಮೈತುಂಬ ಗೀರು, ಗೀರಿನಲ್ಲಿ ಮಸಿ. ಹಿಂದೆ ಪಲ್ಲಾಡಿಯಂ ಕೆಲಸಕ್ಕೆಲ್ಲ ಲ್ಯಾಬಿನವರು ಬಳಸುತ್ತಿದ್ದದ್ದು ಇಂಥ ಹಳೆಯ ಕಡ್ಡಿಗಳನ್ನೇ.

ಆ ಗೀರುಗಳಲ್ಲೇ ಏನಾದರೂ ಉಳಿದಿದ್ದರೆ? ಇನ್ನೊಂದು ಫ್ಲಾಸ್ಕಿಗೆ ಅದೇ ದ್ರಾವಣ ಸುರಿದು ಹಳೆಯ ಕಡ್ಡಿ ಹಾಕಿದಳು. ಕಬ್ಬಿಣ ಹಾಕಲೇ ಇಲ್ಲ.

ಸಂಜೆಯ ಹೊತ್ತಿಗೆ ಆ ಫ್ಲಾಸ್ಕಿನಲ್ಲೂ ಕ್ರಿಯೆ ನಡೆದಿತ್ತು.

"ಕಬ್ಬಿಣ ಏನೂ ಮಾಡೇ ಇಲ್ಲ," ಎಂದಳು. "ಗೀರಲ್ಲಿ ಅಂಟ್ಕೊಂಡಿದ್ದ ಪಲ್ಲಾಡಿಯಂ... ಅದೇ ಎಲ್ಲ ಮಾಡಿದ್ದು."

ಮೌನಿ ಸ್ಟೂಲ್ ಎಳೆದು ಪಕ್ಕ ಕುಳಿತ. ಅವಳಿಗೆ ಅದೇ ಹಿತವೆನಿಸಿತು.

ಇಬ್ಬರೂ ಲ್ಯಾಬಿನ ಮುಖ್ಯಸ್ಥರಾದ ಪ್ರೊಫೆಸರ್ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದರು. ಪ್ರೊಫೆಸರ್ ತಲೆಯೆತ್ತದೆ ಹೇಳಿದರು, "ಪ್ರಬಂಧ ಹಾಗೇ ಕಳಿಸಮ್ಮ. ಯಾರು ಕೇಳ್ತಾರೆ?" ಆಮೇಲೆ ಅವನತ್ತ ತಿರುಗಿದರು. "ನಿಂದೇ ಕಿತಾಪತಿ ಇದು. ಕ್ರಿಯೆ ಆಗ್ತಿಲ್ಲ ಅಂತ ನೀನು ನನ್ನ ಹತ್ರ ಬಂದಾಗ್ಲೇ ಹೇಳಿರ್ಲಿಲ್ವಾ, ಅವಳಿಗೆ ನಾನೇ ತಿಳಿಸ್ತೀನಿ, ನೀನು ಬಾಯಿ ಮುಚ್ಕೊಂಡಿರು ಅಂತ?"

ಅವಳು ಮೌನಿಯನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಇವನ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆನಲ್ಲ...

"ಮೊದಲೇ ಗೊತ್ತಿದ್ದೂ ಬಚ್ಚಿಟ್ರಾ ಸರ್?" ಅವಳು ಪ್ರೊಫೆಸರ್ ಕಡೆ ತಿರುಗಿದಳು. "ನನ್ನ ತಪ್ಪು ನಾನು ಒಪ್ಕೋತೀನಿ. ನಿಮ್ಮ ಸುಳ್ಳನ್ನ ಹೊರೋದಿಲ್ಲ. ಪ್ರಬಂಧ ಕಳಿಸಿದ್ರೆ, ಅದು ಸುಳ್ಳು ಅಂತ ನಾನೇ ಬರೀತೀನಿ."

"ಇಲ್ಲಿ ನಿನಗಿನ್ನು ಜಾಗ ಇಲ್ಲ."

"ಹಾಗಾದ್ರೆ ನಂಗೂ ಬೇಡ ಸರ್," ಎಂದ ಮೌನಿ.

ಪ್ರಬಂಧ ಹೋಗಲಿಲ್ಲ. ಇಬ್ಬರ ಕೆಲಸ ಹೋಯಿತು. ಸುಳ್ಳಾಡಿದವರ ಕುರ್ಚಿ ಮಾತ್ರ ಇದ್ದಲ್ಲೇ ಇತ್ತು! ಮೇಜು ಖಾಲಿ ಮಾಡುವಾಗ ಅವಳಿಗೆ ಅಳುವಿಗಿಂತ ರೋಷವೇ ಹೆಚ್ಚು ಬಂತು. ಅದು ತಿರುಗಿದ್ದು ಮೌನಿಯ ಮೇಲೆ.

"ನಿಮ್ಮ ತಪ್ಪೇನಿತ್ತು? ಕೈಯಾರೆ ಯಾಕೆ ಕೆಲಸ ಕಳ್ಕೊಂಡ್ರಿ?"

"ಸರ್ ನಿಮಗೆ ಹೇಳೇ ಇಲ್ಲ ಅಂತ ಮೀಟಿಂಗಲ್ಲೇ ಗೊತ್ತಾಗಿದ್ದು. ತಡ್ಕೊಳ್ಳೋಕಾಗದೆ ಅಲ್ಲೇ ಹೇಳ್ಬಿಟ್ಟೆ. ಎಲ್ಲರೆದುರು ಹೇಳಿದ್ದು ತಪ್ಪು... ಕ್ಷಮಿಸಿ."

"ನಾನು ಕೇಳಿದ್ದು ಅದಲ್ಲ."

ಅವನು ಕನ್ನಡಕ ತೆಗೆದು ಒರೆಸಿದ. "ನಿಮ್ಮ ಕೆಲಸ ನೀರುಪಾಲಾಗತ್ತೆ ಅಂತ ಗೊತ್ತಿದ್ದೂ ಕಬ್ಬಿಣ ಇಲ್ದೆ ಮಾಡಿ ನೋಡಿದ್ರಲ್ಲ... ಅವತ್ತೇ ನಿಮಗೆ ಮನಸ್ಸು ಕೊಟ್ಬಿಟ್ಟೆ. ಹೇಳೋಕೆ ಧೈರ್ಯ ಬರ್ಲಿಲ್ಲ."

ಅವನು ಸ್ಟೂಲ್ ಎಳೆದು ಪಕ್ಕ ಕುಳಿತ ಆ ಸಂಜೆ ನೆನಪಾಗಿ ಅವಳ ಕಣ್ಣು ತುಂಬಿ ಬಂತು.

"ಬೇರೆ ಕೆಲಸ ಹುಡುಕ್ಬೇಕು," ಎಂದಳು ಮೆಲ್ಲಗೆ. "ಇಬ್ಬರಿಗೂ ಒಂದೇ ಊರಲ್ಲಿ."

"ಒಂದೇ ಊರಾದ್ರೆ ಸಾಕಾ?"

"ಸಾಲಲ್ಲ," ಎಂದಳು ಅವನ ಕೈ ಹಿಡಿದು. "ಒಂದೇ ಮನೆ ಆಗ್ಬೇಕು."