ಮೂರನೆಯ ಕಲಂ ಯಾರದು?

ಗಂಡನ ಹದಿಮೂರನೆಯ ದಿನದ ಕಾರ್ಯ ಮುಗಿದ ಮರುದಿನ ಬೆಳಿಗ್ಗೆ ಇಂಪನಾ ಶಾಸನಸಭೆಯ ಕಚೇರಿಗೆ ಬಂದು ಮೂಲದರ್ಶಿಯನ್ನು ಚಾಲೂ ಮಾಡಿದಳು. ಲಿಫ್ಟಿನಲ್ಲಿ ಯಾರೂ ಸಾಂತ್ವನ ಹೇಳಿರಲಿಲ್ಲ. ಸಾಮಾನ್ಯ ದಿನಗಳು ಶುರುವಾದದ್ದು ಅದರಿಂದಲೇ ತಿಳಿಯಿತು.

ಮೂಲದರ್ಶಿ ಅವಳೇ ರೂಪಿಸಿದ ಯಂತ್ರ. ಬೆರಳಚ್ಚಿನಂತೆ ಪ್ರತಿಯೊಬ್ಬರ ಮಾತಿಗೂ ಒಂದು ಗುರುತಿರುತ್ತದೆ: ಪದಗಳ ಆಯ್ಕೆ, ಅವುಗಳ ಜೋಡಣೆ. ಶಾಸಕರಿಗೆ ಬಂದ ಪತ್ರಗಳನ್ನೂ ಮೊಗಸಾಲೆ, ಕ್ಯಾಂಟೀನುಗಳ ಧ್ವನಿಮುದ್ರಣವನ್ನೂ ಹೋಲಿಸಿ, ಮಸೂದೆಯ ಪ್ರತಿ ವಾಕ್ಯ ಮೊದಲು ಯಾರ ಬಾಯಿಂದ ಹೊರಟಿತೆಂದು ಅದು ಅಂಚಿನಲ್ಲಿ ತೋರಿಸುತ್ತಿತ್ತು. ಲಾಬಿಯನ್ನು ನಿಷೇಧಿಸಲು ಹೋಗಿ ಸೋತ ಸರ್ಕಾರ, ಲಾಬಿಗಾರರ ಹೆಸರಾದರೂ ಜನಕ್ಕೆ ಕಾಣಲಿ ಎಂದು 2059ರಲ್ಲಿ ಇದನ್ನು ಕಡ್ಡಾಯ ಮಾಡಿತ್ತು.

ಅಂದಿನದು ಅಂತರ್ಜಲದ ಮಸೂದೆ. ಕರಡು ಬರೆದವನು ಅವಳ ಗಂಡ ತನ್ಮಯ. ಮೂರನೆಯ ಕಲಂ: ‘ನೆಲದೊಳಗಿನ ನೀರು ಯಾರೊಬ್ಬರ ಸ್ವತ್ತೂ ಅಲ್ಲ, ಅದು ಎತ್ತಿದವರ ಶ್ರಮಕ್ಕೆ ಸೇರಿದ್ದು.’ ಊಟಕ್ಕೆ ಕೂತಾಗ ಅವನು ಇದನ್ನು ಓದಿ ಹೇಳಿದ್ದ. ಆ ಮಾತಿನ ಚೆಂದಕ್ಕೆ ಅವಳ ಕೈಯ ತುತ್ತು ಕೈಯಲ್ಲೇ ಉಳಿದಿತ್ತು.

ಅಂಚಿನಲ್ಲಿ ಮೂಡಿದ್ದು ಬೇರೆ ಹೆಸರು. ವಿನಾಯಕ ಹುಲಕೋಟಿ, ಕೊಳವೆಬಾವಿ ಕಂಪನಿಗಳ ಲಾಬಿಗಾರ. ಕೆಳಗೆ ವಾಕ್ಯ ಸಾಗಿದ ದಾರಿ: ತನ್ಮಯ, ವಿಶ್ವವಿದ್ಯಾಲಯದ ಭಾಷಣದಲ್ಲಿ ಅದನ್ನು ಉದ್ಧರಿಸಿದ ಇಂಪನಾ, ಎರಡು ಪತ್ರಿಕೆ, ಹನ್ನೊಂದು ಶಾಸಕರು.

ನಿಯಮದಂತೆ ಹುಲಕೋಟಿಯನ್ನು ಕರೆಸಿದಳು.

“ಕ್ಯಾಂಟೀನಿನ್ಯಾಗ ಚಹಾ ಕುಡಿಯೋ ಮುಂದ ಹೇಳಿದ್ದೆ, ತಂಗಿ. ‘ಇದನ್ನ ನಾ ತಗೋತೀನ್ರಿ’ ಅಂದ್ರು ನಿಮ್ಮ ಮನಿಯವರು. ಬಡವರ ಪರ ಐತಿ ಅಂತ ತಿಳಕೊಂಡ್ರು, ಪಾಪ.”

“ಅಲ್ಲೇನ್ರಿ?”

“ಎರಡು ಸಾವಿರ ಅಡಿ ಬೋರ್ ಕೊರಸೋ ಬಡವ ಯಾವ ಊರಾಗ ಅದಾನ?” ಅವನು ನಕ್ಕು, ಆಮೇಲೆ ದನಿ ತಗ್ಗಿಸಿದ. “ಯಂತ್ರದ ತೀರ್ಮಾನ ಸಂಶಯ ಅಂತ ನನ್ನ ಹೆಸರಿನ ಮ್ಯಾಲ ನೀ ಒಂದು ಗೀಟು ಎಳದ್ರ ಸಾಕು, ಅವರ ಹೆಸರಿಗೇ ಉಳೀತೈತಿ. ಸತ್ತವರ ಮಾತಿಗೆ ಸಭಾದಾಗ ಯಾರೂ ಎದುರು ಹೇಳಂಗಿಲ್ಲ. ನೆನಪಿಗೆ ಒಂದು ಕಾನೂನು ಉಳದಂಗಾತು.”

ಗೀಟು ಎಳೆದರೆ ಕಲಂ ಪಾಸಾಗಿ ಊರೂರ ಬಾವಿಗಳು ಬತ್ತುತ್ತವೆ. ಎಳೆಯದಿದ್ದರೆ ಗಂಡನದೆಂದು ಅವಳು ಇಟ್ಟುಕೊಂಡಿದ್ದ ಒಂದು ಮಾತೂ ಹೋಗುತ್ತದೆ. ಅಂದು ತಟ್ಟೆಯ ಮುಂದೆ, ಇದರಿಂದ ಯಾರಿಗೆ ಲಾಭ ಎಂದು ಅವಳು ಕೇಳಿರಲಿಲ್ಲ. ಕೇಳುವುದಕ್ಕೆ ಯಂತ್ರ ಬೇಕಿರಲಿಲ್ಲ.

ಕಲಮಿನ ಎದುರು ಬರೆದವನೆಂದು ಇದ್ದ ತನ್ಮಯನ ಹೆಸರನ್ನು ತೆಗೆದು, ಅಂಚಿನ ಹುಲಕೋಟಿಯ ಹೆಸರೇ ಸರಿಯೆಂದು ಸಹಿ ಹಾಕಿ, ಪ್ರತಿಯನ್ನು ಅವನ ಮುಂದೆ ಸರಿಸಿದಳು.

“ನಿಮ್ಮ ಕಡಿಂದ ಇಸ್ಕೊಂಡಿದ್ರು,” ಎಂದಳು. “ತಗೋರಿ.”