ಮೊಳೆ ಚುಚ್ಚಿದ ನಿಂಬೆ

"ಅದನ್ನ ಮುಟ್ಟಬೇಡ," ಎಂದಳು ದೊನ್ನಾ ನುಂಝಿಯಾ. ಮೇಣದಬತ್ತಿ ಹಚ್ಚುತ್ತಿದ್ದ ಅವಳ ಕೈ ಗಾಳಿಯಲ್ಲೇ ನಿಂತಿತ್ತು.

ಓರ್ನೆಲ್ಲಾ ಮುಟ್ಟಿರಲಿಲ್ಲ, ಬಗ್ಗಿ ನೋಡುತ್ತಿದ್ದಳಷ್ಟೆ. ಸಂತ ಅಗಾತಾಳ ಪ್ರತಿಮೆಯ ಹಿಂದಿನ ಗೂಡಿನಲ್ಲಿ ಒಣಗಿ ಮರದಂತಾದ ಒಂದು ನಿಂಬೆಹಣ್ಣಿತ್ತು. ಮೈತುಂಬ ತುಕ್ಕುಹಿಡಿದ ಮೊಳೆಗಳು. ಮೊಳೆಯಿಂದ ಮೊಳೆಗೆ ಸುತ್ತಿದ ಕಪ್ಪು ದಾರ.

"ಉತ್ತರದಲ್ಲಿ, ನಮ್ಮ ತೊರಿನೋ ಊರಲ್ಲಿ ಕ್ರಿಸ್‌ಮಸ್‌ಗೆ ಕಿತ್ತಳೆಗೆ ಲವಂಗ ಚುಚ್ಚಿ ತೂಗುಹಾಕ್ತಾರೆ," ಎಂದು ಓರ್ನೆಲ್ಲಾ ನಕ್ಕಳು. "ನಿಮ್ಮ ಸಿಸಿಲಿಯಲ್ಲಿ ಲವಂಗಕ್ಕೆ ಬರ ಬಂದಿತ್ತಾ?"

ಮುದುಕಿ ನಗಲಿಲ್ಲ. ಐವತ್ತು ವರ್ಷದಿಂದ ಈ ಪ್ರಾರ್ಥನಾಮಂದಿರದ ಬೀಗದಕೈ ಅವಳ ಸೊಂಟದಲ್ಲಿತ್ತು. "ನಮ್ಮಜ್ಜಿ ಕಾಲದಿಂದ ಇಲ್ಲೇ ಇದೆ. ಯಾವಳು ಯಾರಿಗೆ ಮಾಡಿಸಿದ್ದೋ ಗೊತ್ತಿಲ್ಲ. ಮಾಡಿಸಿದವಳು ಸತ್ತಳು, ಮಾಟ ಸಾಯಲಿಲ್ಲ. ಸಿಟ್ಟಲ್ಲಿ ಒಂದು ಹೆಸರು ಹೇಳಿ ಚುಚ್ಚಿದ್ರೆ ಈಗ್ಲೂ ಹಿಡಿಯುತ್ತೆ."

"ಹಾಗಿದ್ರೆ ಕಿತ್ತು ಬಿಸಾಕಿ."

"ಹಿಂದಿನ ಪಾದ್ರಿಗಳು ಒಂದು ಮೊಳೆ ಕಿತ್ತರು. ಆ ಮೊಳೆಯ ಮನುಷ್ಯ ಉಳ್ಕೊಂಡ. ಪಾದ್ರಿಗಳ ಕಣ್ಣು ಹೋಯ್ತು. ಅದು ಪುಕ್ಕಟೆ ಬಿಡೋದಿಲ್ಲ ಮಗಳೇ." ನುಂಝಿಯಾ ಅವಳ ಮುಖವನ್ನೇ ದಿಟ್ಟಿಸಿದಳು. "ಬಾಗಿಲಲ್ಲಿ ಕಾಲಿಟ್ಟಾಗ್ಲೇ ನೋಡ್ದೆ, ನೀನು ಕೆಂಡ ನುಂಗಿದವಳ ಹಾಗಿದ್ದೀಯ. ಅದಕ್ಕೇ ಹೇಳ್ದೆ. ದೂರ ಕೂತ್ಕೋ."

"ಪಾದ್ರಿಗಳ ಕಣ್ಣಿಗೆ ಪೊರೆ ಬಂದಿರಬೇಕು ಬಿಡಿ."

ಕೆಂಡ ನುಂಗಿದ್ದು ಮಾತ್ರ ನಿಜವಾಗಿತ್ತು. ಓರ್ನೆಲ್ಲಾ ಆರು ವರ್ಷ ಮಾಯೆಸ್ತ್ರೊ ರುಜ್ಜೇರೊನ ಬಳಿ ಹಾಡುಗಾರಿಕೆ ಕಲಿತವಳು. ಅವ್ವ ತೀರಿಕೊಂಡ ಚಳಿಗಾಲದಲ್ಲಿ ಅವಳೊಂದು ಶೋಕಗೀತೆ ಬರೆದಿದ್ದಳು. ಆಸ್ಪತ್ರೆಯ ಕುರ್ಚಿಯಲ್ಲಿ ಕೂತು, ಅವ್ವನ ಏದುಸಿರಿನ ಲಯವನ್ನೇ ಹಿಡಿದು ಬರೆದದ್ದು. ಗುರುವಿಗೆ ತೋರಿಸಿದಳು. ಎರಡು ಹಾಳೆ ಮಗುಚಿ ಅವನು, "ಕಸ. ನೀನು ಹಾಡು ಸಾಕು, ಬರೆಯೋಕೆ ಹೋಗಬೇಡ," ಎಂದಿದ್ದ. ಹಾಳೆಗಳನ್ನು ಮಾತ್ರ ವಾಪಸು ಕೊಟ್ಟಿರಲಿಲ್ಲ. ಎರಡು ವರ್ಷದ ಮೇಲೆ ಆ ಕಸ ಅವನ ಹೆಸರಿನಲ್ಲಿ ಅಚ್ಚಾಗಿತ್ತು. ಇವತ್ತು ಅವನ ಹುಟ್ಟೂರಿನಲ್ಲಿ, ಇದೇ ಮಂದಿರದಲ್ಲಿ, ಅದರ ಮೊದಲ ಕಛೇರಿ.

ಮುಖದ ಮೇಲೆ ಉಗಿಯಬೇಕೆಂದೇ ಅವಳು ಮಧ್ಯಾಹ್ನ ಅವನ ಮನೆಯ ಬಾಗಿಲು ಬಡಿದಿದ್ದಳು. ಅವನಿರಲಿಲ್ಲ. ಅವನ ತಾಯಿ ದೊನ್ನಾ ಅಸ್ಸುಂತಾ ಇದ್ದಳು. "ಮಗನ ಶಿಷ್ಯೆಯಾ? ಇಷ್ಟು ಸಣಕಲಾಗಿದ್ದೀಯಲ್ಲೇ!" ಎನ್ನುತ್ತ ಎಳೆದು ಕೂರಿಸಿ, ಬದನೆಕಾಯಿ ಹಾಕಿದ ಪಾಸ್ತಾವನ್ನು ಎರಡು ಸಲ ಬಡಿಸಿದಳು. ಆ ಬಡಿಸುವ ಕೈಯ ಮುಂದೆ ಬೈಗುಳ ಬರಲಿಲ್ಲ. ಗಂಟಲಲ್ಲೇ ಉಳಿದು ಕುದಿಯತೊಡಗಿತು.

ಮುಸ್ಸಂಜೆಗೆ ಮಂದಿರ ತುಂಬಿತು. ಹೊರಗೆ ಆಫ್ರಿಕಾದ ಕಡೆಯಿಂದ ಬಿಸಿಗಾಳಿ ಎದ್ದು ಆಕಾಶ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಧೂಳು ನುಗ್ಗದಿರಲೆಂದು ಕಿಟಕಿಗಳನ್ನೆಲ್ಲ ಹಾಕಿದ್ದರು. ಮೇಣದಬತ್ತಿಯ ಬೆಳಕಿನಲ್ಲಿ ಸುಣ್ಣಗಾರೆಯ ದೇವದೂತರ ಕೊಬ್ಬಿದ ಕೆನ್ನೆಗಳು ಬೆವರಿದಂತೆ ಹೊಳೆಯುತ್ತಿದ್ದವು. ಧೂಪ, ಬಾಡಿದ ಲಿಲ್ಲಿ ಹೂ, ಹಳೆಯ ಕಲ್ಲಿನ ತೇವ, ಬೆವರು. ಇದೆಲ್ಲದರ ನಡುವೆ ಯಾರೋ ಆಗತಾನೇ ಹಣ್ಣು ಕೊಯ್ದಂತೆ ನಿಂಬೆಯ ಹಸಿ ಘಮ. ಅಸ್ಸುಂತಾ ಮುಂದಿನ ಸಾಲಿನಿಂದ ಕೈಬೀಸಿ ಕರೆದಳು. ಓರ್ನೆಲ್ಲಾ ಹೋಗಲಿಲ್ಲ. ಅಗಾತಾಳ ಪ್ರತಿಮೆಯ ಪಕ್ಕ ಕಂಬಕ್ಕೆ ಒರಗಿ ನಿಂತಳು.

ರುಜ್ಜೇರೊ ಪಿಯಾನೊದಂಥ ಹಳೆಯ ತಂತಿವಾದ್ಯ ಹಾರ್ಪ್ಸಿಕಾರ್ಡಿನ ಮುಂದೆ ಎದ್ದು ನಿಂತು ಜನಕ್ಕೆ ಹೇಳಿದ: "ನಮ್ಮಪ್ಪ ತೀರಿಕೊಂಡ ವರ್ಷ ನಾನು ಬರೆದದ್ದು. ಎಲ್ಲಿಂದ ಬಂತೋ ಗೊತ್ತಿಲ್ಲ. ಒಂದೇ ರಾತ್ರಿಯಲ್ಲಿ ಬಂದುಬಿಡ್ತು." ಮುಂದಿನ ಸಾಲಿನಲ್ಲಿ ಅಸ್ಸುಂತಾ ಕಣ್ಣೊರೆಸಿಕೊಂಡಳು.

ಪಿಟೀಲುಗಳು ಅವ್ವನ ಏದುಸಿರನ್ನು ಎಳೆಯತೊಡಗಿದವು. ಎಳೆತ, ತಡೆ, ಎಳೆತ. ವೇದಿಕೆಯ ಮೇಲಿದ್ದ ಗಾಯಕಿ ಅದಕ್ಕೆ ದನಿಗೂಡಿಸಿದಳು. ಓರ್ನೆಲ್ಲಾಳ ಕಣ್ಣು ಕತ್ತಲಿಟ್ಟಿತು. ಕೈ ತಲೆಗೆ ಹೋಯಿತು, ಕೂದಲಿನ ಪಿನ್ನನ್ನು ಕಿತ್ತಿತು. ನಂಬಿಕೆಯಿಂದಲ್ಲ. ಭಾವಚಿತ್ರವನ್ನು ಹರಿದುಹಾಕುವವರು ನಂಬಿ ಹರಿಯುತ್ತಾರೆಯೇ? ಗೂಡಿನೊಳಗೆ ಕೈ ಚಾಚಿ, "ರುಜ್ಜೇರೊ, ಕಳ್ಳ, ನಿನ್ನ ಗಂಟಲು ಕಟ್ಟಲಿ," ಎಂದು ಹಲ್ಲು ಕಚ್ಚಿ ಒತ್ತಿದಳು.

ಮರದಂತಿದ್ದ ನಿಂಬೆ ಬೆಣ್ಣೆಯಂತೆ ಪಿನ್ನನ್ನು ಒಳಗೆ ಎಳೆದುಕೊಂಡಿತು.

ರುಜ್ಜೇರೊ ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ. ಬೆರಳುಗಳು ತಪ್ಪು ಮನೆಗಳ ಮೇಲೆ ಬಿದ್ದು ತಂತಿಗಳು ಕಿರುಚಿದವು. ಕೈ ಕೊರಳಿಗೆ ಹೋಯಿತು. ಮುಖ ಕೆಂಪಾಯಿತು, ನೀಲಿಯಾಯಿತು. ಬಾಯಿಂದ ಏನೋ ಹೊರಬಿದ್ದು ಅಮೃತಶಿಲೆಯ ಮೇಲೆ ಠಣ್ ಎಂದಿತು. ಮೊಳೆ. ತುಕ್ಕು ಹಿಡಿದ ಮೊಳೆ. ಹಿಂದೆಯೇ ಇನ್ನೊಂದು.

ಹಾಡು, ವಾದ್ಯ ಎಲ್ಲ ನಿಂತವು. ಗಾಳಿ ದೊಡ್ಡ ಬಾಗಿಲನ್ನು ಒದ್ದು ತೆರೆಯಿತು. ಬತ್ತಿಗಳು ಸಾಲುಸಾಲಾಗಿ ಆರಿದವು.

"ನನ್ನ ಕಂದಾ! ಯಾರಾದ್ರೂ ಬನ್ರೋ! ನನ್ನ ಮಗ!"

ಅಸ್ಸುಂತಾ. ಮಧ್ಯಾಹ್ನ ಬಡಿಸಿದ ಅದೇ ಕೈ ಕತ್ತಲಲ್ಲಿ ಗಾಳಿಯನ್ನು ತಡಕುತ್ತಿತ್ತು. ಸಾಯಲಿ, ಎಂದಿತು ಓರ್ನೆಲ್ಲಾಳ ಒಳಗಿನ ಕೆಂಡ. ಸಾಯಲಿ ಅವನು. ಆದರೆ ಮುದುಕಿಯ ಅರಚಾಟ ಅವಳ ಎದೆಯನ್ನು ಸೀಳಿತು. ಆಸ್ಪತ್ರೆಯಲ್ಲಿ ತಾನೂ ಹೀಗೇ ಅರಚಿದ್ದಳು.

ಗೂಡಿಗೆ ಕೈ ಹಾಕಿದಳು. ನಿಂಬೆ ಬಿಸಿಯಾಗಿತ್ತು. ಒದ್ದೆಯಾಗಿತ್ತು. ಮಿಡಿಯುತ್ತಿತ್ತು.

"ಕೀಳಬೇಡ!" ಹಿಂದಿನಿಂದ ನುಂಝಿಯಾ ಕೂಗಿದಳು. "ಅಯ್ಯೋ ಹುಚ್ಚಿ, ನಿನ್ನಿಂದ ತಗೊಳ್ಳುತ್ತೆ!"

ಪಿನ್ನು ಜಾರಿತು. ಮತ್ತೆ ಹಿಡಿದಳು. ಮೊಳೆಗಳು ಅಂಗೈ ಹರಿದವು. ಹುಳಿ ರಸ ಗಾಯಕ್ಕೆ ಇಳಿಯಿತು. ಉರಿ. ಉರಿ. ಎಳೆದಳು. ಒಳಗಿಂದ ಯಾರೋ ಎಳೆಯುತ್ತಿದ್ದರು. ಕಾಲು ಗೋಡೆಗೆ ಕೊಟ್ಟು ಎಳೆದಳು.

ಬಂತು.

ಕತ್ತಲಿನಾಚೆ ರುಜ್ಜೇರೊ ಉದ್ದವಾಗಿ ಉಸಿರೆಳೆದುಕೊಂಡ. ಯಾರೋ ಬತ್ತಿ ಹಚ್ಚಿದರು. ಅವನು ತಾಯಿಯ ತೊಡೆಯ ಮೇಲಿದ್ದ, ಬದುಕಿದ್ದ. ಓರ್ನೆಲ್ಲಾಳಿಗೆ ಮೊದಲು ಬಂದದ್ದು ಸಮಾಧಾನವಲ್ಲ, ಸಿಟ್ಟು. ಇನ್ನು ತಡೆಯಲಾರೆ ಎನ್ನಿಸಿತು. ಜನರನ್ನು ತಳ್ಳಿಕೊಂಡು ಅವನೆದುರು ಹೋಗಿ ನಿಂತಳು. 'ಇದು ನನ್ನದು ಕಣೋ, ನಮ್ಮವ್ವನದು!' ಎಂದು ಕಿರುಚಲು ಬಾಯಿ ತೆರೆದಳು.

ಗಾಳಿ ಮಾತ್ರ ಬಂತು.

ಅಷ್ಟರಲ್ಲಿ ಮೇಲಿನಿಂದ ಹಾಡು ಕೇಳಿತು. ಹಿಂದೆ ಸನ್ಯಾಸಿನಿಯರು ಮರೆಯಲ್ಲಿ ಕೂತು ಹಾಡುತ್ತಿದ್ದ, ಬಹಳ ಕಾಲದಿಂದ ಬೀಗ ಬಿದ್ದಿದ್ದ ಅಟ್ಟದ ಜಾಲರಿಯ ಆಚೆಯಿಂದ. ವೇದಿಕೆಯ ಗಾಯಕಿಯ ಬಾಯಿ ಮುಚ್ಚಿತ್ತು. ಆ ದನಿ ಗೀತೆಯನ್ನು ನಿಂತ ಕಡೆಯಿಂದಲೇ ಎತ್ತಿಕೊಂಡು, ತಾರಸ್ಥಾಯಿಗೆ ಏರಿ, ಅಲ್ಲಿ ಕೂದಲೆಳೆಯಷ್ಟು ನಡುಗಿತು. ಆ ನಡುಕಕ್ಕೆ ಆರು ವರ್ಷ ಬೈಸಿಕೊಂಡವಳಿಗೆ ತನ್ನ ದನಿಯ ಗುರುತು ಹತ್ತದೆ ಇರಲಿಲ್ಲ. ಬೈದವನಿಗೂ ಹತ್ತಿತು. ರುಜ್ಜೇರೊನ ಮುಖ ಬಿಳಚಿತು. ಅವನು ಜಾಲರಿಯನ್ನು ನೋಡಿದ, ಅವಳ ತೆರೆದ ಬಾಯಿ ನೋಡಿದ, ರಕ್ತ ಸುರಿಯುವ ಅಂಗೈ ನೋಡಿದ.

ಹಾಡು ಮುಗಿಯಿತು. ಆಮೇಲೆ ಇಡೀ ಮಂದಿರ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೆಲವರು ಅಳುತ್ತಿದ್ದರು. ರುಜ್ಜೇರೊ ಕುರ್ಚಿ ಹಿಡಿದು ಮೆಲ್ಲನೆ ಎದ್ದ. ಅವಳ ಕಣ್ಣು ತಪ್ಪಿಸಿ, ಜನಕ್ಕೆ ತಲೆಬಾಗಿದ.

ಅಸ್ಸುಂತಾ ಕಣ್ಣೀರು ಸುರಿಸುತ್ತ ಓರ್ನೆಲ್ಲಾಳ ಗಾಯದ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು.

"ಕೇಳಿದೆಯಾ ಮಗಳೇ? ನನ್ನ ಮಗ ಬರೆದದ್ದು! ಏನಾದ್ರೂ ಹೇಳೇ, ಹೆಂಗಿತ್ತು ಹೇಳೇ!"