ಮೂವತ್ತೆಂಟು ನಿಮಿಷದ ಸುಳ್ಳು

ಹೊರಗಿನಿಂದ ಚಿಲಕ ಬಿತ್ತು.

ಗಡಿಯಾರ ನೋಡಿದೆ. ಮೂರು ಗಂಟೆ ನಲವತ್ತೊಂದು ನಿಮಿಷ.

ನಾಲ್ಕಕ್ಕೆ ಸರಿಯಾಗಿ ಈ ಆಸ್ಪತ್ರೆಯ ಕರೆಂಟು ತೆಗೆಯುತ್ತಾರೆ, ಟ್ರಾನ್ಸ್‌ಫಾರ್ಮರ್ ರಿಪೇರಿಗೆ. ಮೂರನೇ ಮಹಡಿಯಲ್ಲಿ ಅಂಗೈಯಗಲದ ಕೂಸೊಂದು ಯಂತ್ರದ ಉಸಿರಿನ ಮೇಲೆ ಬದುಕಿದೆ. ಆ ಯಂತ್ರವನ್ನು ಕಾಯಬೇಕಾದ ಯುಪಿಎಸ್ ನನ್ನೆದುರಿಗಿದೆ. ನಾನು ನೆಲಮಹಡಿಯ ಈ ರೂಮಿನಲ್ಲಿ ಬಂದಿ. ನನ್ನ ಫೋನು ಚಿಲಕ ಹಾಕಿದವನ ಜೇಬಿನಲ್ಲಿ.

"ನಾಲ್ಕೂವರೆಗೆ ತೆಗೀತೀನಿ ಮೇಡಂ," ಎಂದ ಬಾಗಿಲಾಚೆಯಿಂದ. "ಅಲ್ಲೀವರೆಗೂ ಆರಾಮಾಗಿ ಕೂತ್ಕೊಳ್ಳಿ. ಏಸಿ ಇದೆಯಲ್ಲ."

ಅವನನ್ನು ಎಲ್ಲರೂ ಸೆಂಟು ಎನ್ನುತ್ತಾರೆ. ಬ್ಯಾಟರಿ ಗುತ್ತಿಗೆದಾರ. ಮೈಗೆ ಸೆಂಟು ಹೊಡೆದುಕೊಳ್ಳುವಾಗಿನ ಶ್ರದ್ಧೆಯಲ್ಲಿ ಅರ್ಧದಷ್ಟು ಕೆಲಸದ ಮೇಲಿದ್ದಿದ್ದರೆ ನಾನು ಇಲ್ಲಿಗೆ ಬರಬೇಕಾಗಿಯೇ ಇರಲಿಲ್ಲ.

ಕೇಳಿ. ಯುಪಿಎಸ್ ನೀವಂದುಕೊಂಡಷ್ಟು ಜಾಣ ಅಲ್ಲ. ತನ್ನ ಬ್ಯಾಟರಿ ಎಷ್ಟು ಹೊತ್ತು ಎಳೆಯುತ್ತದೆಂದು ಅದಕ್ಕೆ ನಾವೇ ಕಲಿಸಬೇಕು. ಪೂರ್ತಿ ಚಾರ್ಜ್ ಮಾಡಿ, ನಿಜವಾದ ಲೋಡ್ ಹಾಕಿ, ಬ್ಯಾಟರಿ ಕಾಲು ಭಾಗಕ್ಕೆ ಇಳಿಯುವ ತನಕ ಪಕ್ಕದಲ್ಲೇ ಕಾದು ಕೂರಬೇಕು. ಇಳಿಯಲು ಹಿಡಿದ ಹೊತ್ತಿನಿಂದ ಯಂತ್ರ ಲೆಕ್ಕ ಕಟ್ಟಿ ನೆನಪಿಟ್ಟುಕೊಳ್ಳುತ್ತದೆ. ಕ್ಯಾಲಿಬ್ರೇಷನ್ ಎಂದರೆ ಇಷ್ಟೇ.

ಸೆಂಟು ಶನಿವಾರ ಹೊಸ ಬ್ಯಾಟರಿ ಜೋಡಿಸಿ, ಮ್ಯಾನೇಜರನ ಕಣ್ಣೆದುರೇ ಈ ಪಾಠ ಮಾಡಿದ. ಡಿಸ್‌ಪ್ಲೇಯಲ್ಲಿ ಮೂವತ್ತೆಂಟು ನಿಮಿಷ ಬಂತು. ಭಾನುವಾರ ಬಂದು ಹೊಸವನ್ನೆಲ್ಲ ಎತ್ತಿಕೊಂಡು ಹೋಗಿ ಸತ್ತ ಬ್ಯಾಟರಿಗಳನ್ನು ಕೂರಿಸಿದ. ಯಂತ್ರ, ಪಾಪ... ಶನಿವಾರದ ಪಾಠವನ್ನೇ ಒಪ್ಪಿಸುತ್ತಿದೆ.

ನನ್ನ ತಂಗಿ ಆ ವಾರ್ಡಿನ ನರ್ಸ್. ಭಾನುವಾರವೂ ಎಷ್ಟು ಪೆಟ್ಟಿಗೆ ಒಳಗೆ ಹೋದವೋ ಅಷ್ಟೇ ಹೊರಗೆ ಬಂದವು ಅಕ್ಕಾ ಎಂದು, ಯುಪಿಎಸ್ ರಿಪೇರಿ ಮಾಡುವ ನನಗೆ ಫೋನ್ ಮಾಡಿದವಳು ಅವಳೇ.

ಮಧ್ಯಾಹ್ನವೇ ಮ್ಯಾನೇಜರನಿಗೆ ಹೇಳಿದ್ದೆ. ಡಿಸ್‌ಪ್ಲೇಗೆ ಕೈಮುಗಿಯುವವರ ಪೈಕಿ ಅವನು. "ಮೂವತ್ತೆಂಟು ಅಂತ ಬರ್ದಿದೆ, ಓದೋಕೆ ಬರಲ್ವಾ?" ಎಂದ. ಬಾಡಿಗೆ ಜನರೇಟರ್ ನಾಲ್ಕೂ ಇಪ್ಪತ್ತಕ್ಕೆ ಬರುತ್ತದಂತೆ. ಈಗ ಪರೀಕ್ಷೆಯೆಂದು ಡಿಸ್ಚಾರ್ಜ್ ಮಾಡಿದರೆ ನಾಲ್ಕಕ್ಕೆ ಬ್ಯಾಟರಿ ಖಾಲಿ ಇರುತ್ತದೆಂದು ನನಗೇ ಪಾಠ ಬೇರೆ. ಅದರಲ್ಲಿ ಅರ್ಧ ಸತ್ಯವಿತ್ತು. ಅದಕ್ಕೇ ಪರೀಕ್ಷೆಗೆ ಕೈ ಹಾಕದೆ ಮೊದಲು ಬ್ಯಾಟರಿ ನೋಡಲು ಬಂದೆ. ಹೊಸ ಸ್ಟಿಕ್ಕರನ್ನು ಉಗುರಿನಿಂದ ಕೆರೆದೆ. ಅಡಿಯಲ್ಲಿ ಆರು ವರ್ಷದ ಹಿಂದಿನ ತಾರೀಖು. ತಿರುಗಿದರೆ ಬೆನ್ನ ಹಿಂದೆ ಸೆಂಟಿನ ವಾಸನೆ. ಕೈಯಲ್ಲಿದ್ದ ಫೋನು ಕಿತ್ತುಕೊಂಡ. ಒಂದು ತಳ್ಳು... ಆಮೇಲೆ ಚಿಲಕ.

ಮೂರು ನಲವತ್ತಾರು.

ಬಾಗಿಲು ಒದ್ದೆ. ಕಾಲು ನೊಂದಿತು, ಬಾಗಿಲಿಗೇನೂ ಆಗಲಿಲ್ಲ. ಕೂಗಿದೆ. ಫ್ಯಾನುಗಳ ಸದ್ದು ನನ್ನ ದನಿಯನ್ನು ನುಂಗಿತು.

ಆಗ ಡಿಸ್‌ಪ್ಲೇ ಕಡೆ ನೋಡಿದೆ. ಇದರ ಜೋಡಿ ಡಿಸ್‌ಪ್ಲೇ ಮೂರನೇ ಮಹಡಿಯಲ್ಲಿ ತಂಗಿಯ ಮೇಜಿನ ಪಕ್ಕದಲ್ಲಿದೆ. ಇಲ್ಲಿ ಬಂದ ಅಂಕಿ ಅಲ್ಲೂ ಬರುತ್ತದೆ.

ಕ್ಯಾಲಿಬ್ರೇಷನ್ ಬಟನ್ ಮೇಲೆ ಬೆರಳಿಟ್ಟೆ. ವಾರ್ಡಿನ ಇಡೀ ಲೋಡ್ ಈ ಹೆಣಗಳ ಮೇಲೆ ಬೀಳುತ್ತದೆ. ಆದರೆ ಅಡಿಯಲ್ಲಿ ಕರೆಂಟು ಇನ್ನೂ ಇದೆ. ಬ್ಯಾಟರಿ ಕುಸಿದ ಕ್ಷಣ ಯಂತ್ರ ಕರೆಂಟಿನ ಮೇಲೆ ಕಾಲೂರುತ್ತದೆ, ಕೂಸಿನ ಉಸಿರು ತಪ್ಪುವುದಿಲ್ಲ. ನಾಲ್ಕರ ನಂತರ ಕಾಲೂರಲು ನೆಲವೇ ಇರುವುದಿಲ್ಲ.

ಬೀಳುವುದಾದರೆ ಈಗಲೇ ಬೀಳಲಿ.

ಒತ್ತಿದೆ.

ಮೂವತ್ತೆಂಟು... ಮೂವತ್ತೊಂದು... ಹದಿನೇಳು... ಐದು.

ಅಲಾರಾಂ ಕಿರುಚಿತು. ಯಂತ್ರ ಕರೆಂಟಿಗೆ ಮರಳಿತು. ಡಿಸ್‌ಪ್ಲೇಯಲ್ಲಿ ಹೊಸ ಸಂಖ್ಯೆ ಕೂತಿತು.

ಎರಡು.

ನಾಲ್ಕಕ್ಕೆ ಮೂರು ನಿಮಿಷವಿರುವಾಗ ಚಿಲಕ ಸರಿಯಿತು. ತಂಗಿ. ಅವಳ ಹಿಂದೆ ಬೆವರೊರೆಸಿಕೊಳ್ಳುತ್ತ ಮ್ಯಾನೇಜರ್.

"ಮಗು?" ಎಂದೆ.

"ಮಲ್ಗಿದೆ. ಎರಡು ಅಂತ ನೋಡಿದ್ದೇ ಓಡ್ದೆ. ಜನರೇಟರ್ ಬರೋವರ್ಗೂ ಸ್ವಿಚ್ ಮುಟ್ಟಬೇಡ ಅಂತ ಲೈನ್‌ಮನ್ ಕೈ ಹಿಡ್ಕೊಂಡು ಹೇಳಿ ಬಂದೆ ಅಕ್ಕಾ."

ಮ್ಯಾನೇಜರ್ ಡಿಸ್‌ಪ್ಲೇ ನೋಡುತ್ತ ನಿಂತ.

"ಈಗ ನಿಮಗೆ ಓದೋಕೆ ಬರುತ್ತಾ ಸಾರ್?" ಎಂದೆ.

ಕಾರಿಡಾರಿನ ತುದಿಯಲ್ಲಿ ಸೆಂಟು. ನಮ್ಮನ್ನು ಕಂಡವನೇ ಓಟ ಕಿತ್ತ. ಎರಡನೇ ಮಹಡಿಯ ಆಫೀಸಿನಲ್ಲಿ ಅವನ ಸಹಿಯಿರುವ ಟೆಸ್ಟ್ ರಿಪೋರ್ಟುಗಳಿವೆ. ಅವು ಮಾಯವಾದರೆ ಇವನು ಹಾಲಿನಲ್ಲಿ ತೊಳೆದವನು. ಬೆನ್ನಟ್ಟಿದೆ. ಒರೆಸಿದ ನೆಲದಲ್ಲಿ ಜಾರಿ ಮಂಡಿ ತರಚಿತು. ಎದ್ದು ಓಡಿದೆ. ಗೇಣುದ್ದ ದೂರದಲ್ಲಿ ಲಿಫ್ಟಿನ ಬಾಗಿಲು ಮುಚ್ಚಿತು. ಮುಚ್ಚುವ ಮುಂಚೆ ಅವನು ನಕ್ಕ.

ಯುಪಿಎಸ್ ರೂಮಿನ ಗೋಡೆಯ ಮೇಲೆ ಲಿಫ್ಟಿನ ಸ್ವಿಚ್ಚೂ ಇದೆ. ಅಲ್ಲೇ ಉಳಿದಿದ್ದ ತಂಗಿ ಅದನ್ನು ಕೆಳಗೆಳೆದಳು.

ಒಂದನೇ ಎರಡನೇ ಮಹಡಿಗಳ ನಡುವೆ ಲಿಫ್ಟು ನಿಂತಿತು.

ಜನರೇಟರ್ ಬಂದದ್ದು ನಾಲ್ಕೂ ನಲವತ್ತಕ್ಕೆ. ಮ್ಯಾನೇಜರನ ನಾಲ್ಕೂ ಇಪ್ಪತ್ತರ ಯೋಗ್ಯತೆ ಅಷ್ಟು. ಆಮೇಲಷ್ಟೇ ಲೈನ್‌ಮನ್ ಕರೆಂಟು ತೆಗೆದ. ಮೇಲೆ ಕೂಸು ಒಂದು ಉಸಿರೂ ತಪ್ಪಿಸಲಿಲ್ಲ. ಪೊಲೀಸರು ದಾರಿಯಲ್ಲಿದ್ದರು.

ಅಷ್ಟರಲ್ಲಿ ಸೆಂಟು ಬೆದರಿಸಿ ಮುಗಿಸಿದ್ದ, ಬೈದು ಮುಗಿಸಿದ್ದ. ಈಗ ನಾನು ಅವನಿಗೆ ಅಕ್ಕನಾಗಿದ್ದೆ.

"ಅಕ್ಕಾ... ಇಲ್ಲಿ ಎಮರ್ಜೆನ್ಸಿ ಲೈಟು ಹೋಗಿ ಎಷ್ಟ್ ಹೊತ್ತಾಯ್ತು. ಏನೂ ಕಾಣಿಸ್ತಿಲ್ಲ. ತೆಗೀರಿ ಅಕ್ಕಾ."

ಲಿಫ್ಟಿನ ಬಾಗಿಲ ಬಳಿ ನಿಂತು, ಆಫೀಸಿನಿಂದ ತಂದ ರಿಪೋರ್ಟಿನ ಮುಂದಿನ ಹಾಳೆ ತಿರುಗಿಸಿದೆ. ಲಿಫ್ಟ್ ದೀಪದ ಬ್ಯಾಟರಿ. ಅದೇ ಸಹಿ.

"ಅದು ಮೂರು ಗಂಟೆ ಬರುತ್ತೆ ಅಂತ ನೀನೇ ಬರ್ಕೊಟ್ಟಿದ್ದೀಯಪ್ಪಾ," ಎಂದೆ. "ಆರಾಮಾಗಿ ಕೂತ್ಕೋ."